ಗುಜರಿ ಅಂಗಡಿಯ ಲೆಕ್ಕದ ಪುಸ್ತಕ ಮತ್ತು ಜಾಗತೀಕರಣದ ಪಾಠ: ಸಮಾಜಶಾಸ್ತ್ರ ಪಠ್ಯ ರೂಪಿಸುವ ಹಿರಿಯರಿಗೆ ಬಹಿರಂಗ ಪತ್ರ

ಮಾನ್ಯರೇ,

ಕಳೆದ ವರ್ಷ ದೀಪಾವಳಿಗೆ ಇನ್ನೂ ನಾಲ್ಕು ದಿನ ಇರುವಾಗ ಚಳ್ಳಕೆರೆಯ ಗುಜರಿ ಅಂಗಡಿಯೊಂದರ ತಕ್ಕಡಿಯ ಮೇಲೆ ಹಳೆಯ ಲೆಕ್ಕದ ಪುಸ್ತಕಗಳ ಕಟ್ಟನ್ನು ಕಂಡೆ. ಉದ್ದನೆಯ ಪುಸ್ತಕಗಳು, ಮಾಸಿದ ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದಲ್ಲಿ ಶ್ರೀಕಾರ, ಅದರ ಕೆಳಗೆ ಯಾವುದೋ ವರ್ಷದ ಲಕ್ಷ್ಮೀಪೂಜೆಯಲ್ಲಿ ಹಚ್ಚಿದ ಅರಿಶಿನ ಕುಂಕುಮ. ಪುಟಗಳ ಅಂಚು ಎಣ್ಣೆ ಕುಡಿದು ಆಚೆಗಿನದು ಕಾಣುವಷ್ಟು ತೆಳುವಾಗಿತ್ತು. ಬಾಗಿಲು ಹಾಕಿದ ಎಣ್ಣೆ ಮಿಲ್ಲೊಂದರ ಪುಸ್ತಕಗಳು ಅವು. ರದ್ದಿಯ ತೂಕಕ್ಕೆ ಕೊಡುವ ಹಣವನ್ನೇ ಕೊಟ್ಟು ಒಂದನ್ನು ಬಿಡಿಸಿಕೊಂಡೆ. ಉಳಿದವನ್ನು ಮರುದಿನ ತರೋಣವೆಂದು ಹೋಗುವಷ್ಟರಲ್ಲಿ ಲಾರಿ ಹೊರಟಿತ್ತು. ಅವತ್ತೇ ಎಲ್ಲವನ್ನೂ ಹೊತ್ತು ತರಬೇಕಿತ್ತು.

ಉಳಿದ ಆ ಒಂದು ಪುಸ್ತಕ ಕೂಲಿಯದು. ಶೇಂಗಾ ಕಾಯಿ ಹಸನು ಮಾಡುವ, ಬೀಜ ಆರಿಸುವ ಹೆಂಗಸರ ಹೆಸರುಗಳು. ಪ್ರತಿ ಹೆಸರಿನ ಮುಂದೆ ಚೀಲಗಳ ಲೆಕ್ಕ, ಬಟವಾಡೆ, ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತು. 1993ರ ಸುಗ್ಗಿಯ ಪುಟಗಳಲ್ಲಿ ಹೆಸರುಗಳು ಒಂದರ ಮೇಲೊಂದು ಒತ್ತಿಕೊಂಡು ಅಂಚಿನವರೆಗೂ ಇಳಿದಿವೆ. ಮುಂದೆ ಹೋದಂತೆ ಸಾಲುಗಳ ನಡುವೆ ಜಾಗ ಬೀಳುತ್ತದೆ. 1999ಕ್ಕೆ ಮೂರು ಹೆಸರು. ಅದರ ಮುಂದಿನದು ಖಾಲಿ ಕಾಗದ.

ಅದೇ ವಾರ ನಾನು ಕಿರುಪರೀಕ್ಷೆಯ ಉತ್ತರಗಳನ್ನು ನೋಡುತ್ತಿದ್ದೆ. 'ಜಾಗತೀಕರಣದ ಸಾಮಾಜಿಕ ಪರಿಣಾಮಗಳನ್ನು ವಿವರಿಸಿ' ಎಂಬುದು ನಾನೇ ಕೊಟ್ಟ ಪ್ರಶ್ನೆ. ಇಡೀ ತರಗತಿ ಒಂದೇ ಉತ್ತರ ಬರೆದಿತ್ತು. ಜಗತ್ತು ಒಂದು ಹಳ್ಳಿಯಾಗಿದೆ, ಐದು ಅನುಕೂಲ, ಐದು ಅನನುಕೂಲ. ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಎಂಬ ಮೂರು ಪದ ಮಂತ್ರದಂತೆ ಸಾಲಾಗಿ ಬಂದಿದ್ದವು. ಉದಾಹರಣೆ ಕೊಡಿ ಎಂದದ್ದಕ್ಕೆ ಪಿಜ್ಜಾ, ಜೀನ್ಸ್, ಕೋಲಾ. ಬರೆದವರು ಪರಶುರಾಂಪುರ, ತಳಕು, ನಾಯಕನಹಟ್ಟಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು. ಅವರ ಮನೆಯಲ್ಲಿ ಜಾಗತೀಕರಣ ಮಾಡಿದ ಕೆಲಸಕ್ಕೂ ಪಿಜ್ಜಾಕ್ಕೂ ಏನೂ ಸಂಬಂಧವಿಲ್ಲ. ತಪ್ಪು ಆ ಮಕ್ಕಳದಲ್ಲ. ಹಾಗೆ ಕಲಿಸಿದವರು ನಾವು, ನಾನೂ ಸೇರಿ. ಇಷ್ಟು ವರ್ಷ ತರಗತಿಯಲ್ಲಿ ನಿಂತು ಅದನ್ನೇ ಬರೆಸಿದ್ದೇನೆ ಎಂಬ ಸಂಕಟದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಮರುವಾರ ಪುಸ್ತಕವನ್ನು ತರಗತಿಗೆ ಒಯ್ದೆ. ಒಬ್ಬ ಹುಡುಗಿ ಮಾತಿಲ್ಲದೆ ಪುಟ ತಿರುವುತ್ತಾ ಕುಳಿತಳು. ಅವಳ ಅಜ್ಜಿ ಮಿಲ್ಲಿಗೆ ಹೋಗುತ್ತಿದ್ದವರಂತೆ. ಅಜ್ಜಿಯ ಹೆಸರು ತಿಪ್ಪಮ್ಮ. ಒಂದೇ ಪುಟದಲ್ಲಿ ನಾಲ್ವರು ತಿಪ್ಪಮ್ಮಂದಿರಿದ್ದರು. ನಮ್ಮ ಸೀಮೆಯಲ್ಲಿ ಅದು ಸಹಜ. ಯಾರು ಯಾರೆಂದು ತಿಳಿಯಲಿಲ್ಲ. ಅವಳು ಮನೆಗೆ ಹೋಗಿ ಕೇಳಿಕೊಂಡು ಬಂದಳು. ಸಂಜೆ ಮನೆಗೆ ಹೊರಡುವಾಗ ಸೆರಗಿನಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಳ್ಳಲು ಬಿಡುತ್ತಿದ್ದರು, ಎಮ್ಮೆಗೆ ಹಿಂಡಿಯನ್ನು ಸಾಲದ ಮೇಲೆ ಕೊಡುತ್ತಿದ್ದರು, ಬಟವಾಡೆಯ ದಿನವೇ ಸಂತೆ ಮಾಡಿಕೊಂಡು ಬರುತ್ತಿದ್ದರು ಎಂದರಂತೆ ಅಜ್ಜಿ. ಮಿಲ್ಲು ಯಾಕೆ ನಿಂತಿತು ಎಂದು ಕೇಳಿದ್ದಕ್ಕೆ, 'ಸಾಹುಕಾರರ ಮಕ್ಕಳು ಪಾಲಾದರು, ಅದಕ್ಕೇ' ಎಂದರಂತೆ.

ಆ ಮಾತು ನನ್ನನ್ನು ಬಿಡಲಿಲ್ಲ. ಅಲ್ಲಿಂದ ಮುಂದೆ ಸಿಕ್ಕವರನ್ನೆಲ್ಲ ಅದೇ ಪ್ರಶ್ನೆ ಕೇಳಿದೆ. ಹಮಾಲಿಯೊಬ್ಬರು ಕರೆಂಟಿನ ಕಾಟ ಎಂದರು. ದಲಾಲಿ ಮಂಡಿಯ ಹಿರಿಯರು ಮಳೆ ಕೈಕೊಟ್ಟಿತು ಎಂದರು. ಮಿಲ್ಲಿನ ಯಜಮಾನರೊಬ್ಬರು, ತಮ್ಮ ಕೈಗುಣವೇ ಸರಿಯಿರಲಿಲ್ಲ, ಅಪ್ಪ ಕಟ್ಟಿದ್ದನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ತಲೆ ತಗ್ಗಿಸಿದರು. ನಮ್ಮ ಸೀಮೆಯ ಜನಕ್ಕೆ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಗಳ ಮಾತು ರಕ್ತದಲ್ಲಿದೆ: ಮಾಡಿದಷ್ಟು ನೀಡು ಭಿಕ್ಷೆ. ಕೆರೆ ಕಟ್ಟಿಸುವಾಗ ದುಡಿದವರಿಗೆ ದುಡಿದಷ್ಟು ಸಲ್ಲಬೇಕು ಎಂದ ದೊಡ್ಡ ಮಾತು ಅದು. ಆದರೆ ದುಡಿದರೂ ಭಿಕ್ಷೆ ಬಾರದ ಕಾಲದಲ್ಲಿ ಅದನ್ನೇ ನಂಬಿದ ಮನುಷ್ಯ, ನಾನು ಸಾಕಷ್ಟು ಮಾಡಲಿಲ್ಲ ಎಂದುಕೊಳ್ಳುತ್ತಾನೆ. ತಪ್ಪನ್ನು ತನ್ನ ಮೇಲೆಯೇ ಹೊತ್ತುಕೊಳ್ಳುತ್ತಾನೆ.

ಸಮಾಜಶಾಸ್ತ್ರ ಶುರುವಾಗಬೇಕಾದದ್ದು ಇಲ್ಲಿ. ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ತೋರಿಸಿಕೊಟ್ಟ ವ್ಯತ್ಯಾಸವನ್ನು ತಾವೆಲ್ಲ ಬಲ್ಲಿರಿ. ಒಬ್ಬನ ಕೆಲಸ ಹೋದರೆ ಅದು ಅವನ ಖಾಸಗಿ ತೊಂದರೆ. ಸಾವಿರಾರು ಜನರ ಕೆಲಸ ಒಟ್ಟಿಗೆ ಹೋದರೆ ಅದು ಸಾರ್ವಜನಿಕ ಪ್ರಶ್ನೆ. ಒಂದು ಮಿಲ್ಲಿನ ಅಣ್ಣತಮ್ಮಂದಿರು ಪಾಲಾಗಬಹುದು. ಒಂದೇ ಊರಿನಲ್ಲಿ ಒಂದಾದ ಮೇಲೊಂದು ಮಿಲ್ಲು, ಅದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಬರೀ ಅಣ್ಣತಮ್ಮಂದಿರ ಜಗಳದಿಂದ ನಿಲ್ಲುವುದಿಲ್ಲ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು, ಎರಡನೇ ಬಾಂಬೆ ಎಂದು ಕರೆಯುತ್ತಿದ್ದರು. ಎಣ್ಣೆ ಮಿಲ್ಲುಗಳ ಸದ್ದೇ ಆ ಹೆಸರು ತಂದುಕೊಟ್ಟದ್ದು.

ಹಾಗಾದರೆ ಆದದ್ದೇನು? 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಆರಂಭಿಸಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಡುಗೆ ಎಣ್ಣೆಯ ವಿಷಯದಲ್ಲಿ ದೇಶ ಬಹುಪಾಲು ತನ್ನ ಕಾಲ ಮೇಲೆ ನಿಂತಿತ್ತು. ನಮ್ಮ ಪುಸ್ತಕದ ತುಂಬಿದ ಪುಟಗಳು ಆ ಕಾಲದವು. ಉದಾರೀಕರಣಕ್ಕೆ ಬಾಗಿಲು ತೆರೆದ 1991ರ ಜುಲೈ 24ರ ಬಜೆಟ್ಟನ್ನು ನಮ್ಮ ಪಾಠಗಳು ಹೇಳುತ್ತವೆ, ಆದರೆ ಚಳ್ಳಕೆರೆಗೆ ಆ ದಿನಕ್ಕಿಂತ ಮುಖ್ಯವಾದದ್ದು 1994. ಆ ವರ್ಷ ತಾಳೆ ಎಣ್ಣೆಯಿಂದ ತೆಗೆಯುವ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ಮುಕ್ತಗೊಳಿಸಿ ಶೇ 65ರ ಸುಂಕ ಹಾಕಿದರು. ಮರುವರ್ಷ, ಅಂದರೆ 1995ರ ಜನವರಿ 1ರಂದು, ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಸುಂಕ ಮೆಟ್ಟಿಲು ಮೆಟ್ಟಿಲಾಗಿ ಇಳಿದು 1998ರ ಹೊತ್ತಿಗೆ ಶೇ 15ಕ್ಕೆ ಬಂದಿತ್ತು. ಮಲೇಷ್ಯಾ, ಇಂಡೋನೇಷ್ಯಾದ ತೋಟಗಳಿಂದ ಹಡಗಿನಲ್ಲಿ ಬಂದ ತಾಳೆ ಎಣ್ಣೆಯ ಬೆಲೆಯ ಮುಂದೆ, ಮಳೆಯನ್ನೇ ನಂಬಿ ಬೆಳೆದ ಶೇಂಗಾದಿಂದ ತೆಗೆದ ಎಣ್ಣೆ ನಿಲ್ಲಲಿಲ್ಲ. ಇವತ್ತು ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಎರಡು ತಾರೀಖುಗಳ ಸಾಲನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ: ಸುಂಕ ಇಳಿದ ವರ್ಷಗಳು, ಪುಸ್ತಕದಲ್ಲಿ ಹೆಸರುಗಳು ಕರಗಿದ ವರ್ಷಗಳು.

ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಬರ ಸುಳ್ಳಲ್ಲ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಕರೆಂಟೂ ಸುಳ್ಳಲ್ಲ. ದಶಕಗಳಿಂದ ಅದೇ ಟಿಎಂವಿ-2 ಎಂಬ ಶೇಂಗಾ ತಳಿಯನ್ನು ಬಿತ್ತಿಕೊಂಡು ಬಂದದ್ದೂ ಇಳುವರಿ ಏರದಿರಲು ಒಂದು ಕಾರಣ. ಆದರೆ ಬರ ಹಿಂದೆಯೂ ಇತ್ತು. ಬರದ ವರ್ಷ ಕಾಯಿ ಕಡಿಮೆಯಾದರೆ ಬೆಲೆ ಏರಿ, ಬೆಳೆದಷ್ಟಕ್ಕಾದರೂ ದುಡ್ಡು ಸಿಗುತ್ತಿತ್ತು. ಆಮದು ಬಂದ ಮೇಲೆ ಆ ಆಸರೆಯೂ ಹೋಯಿತು: ಬೆಳೆಯೂ ಇಲ್ಲ, ಬೆಲೆಯೂ ಇಲ್ಲ. ಈ ಸೂಕ್ಷ್ಮ ನಮ್ಮ ಮಕ್ಕಳಿಗೆ ತಿಳಿಯಬೇಕು. ಬರದ ಸ್ವರೂಪವನ್ನೇ ಬೇರೆ ಮಾಡುವ ಶಕ್ತಿ ದೂರದ ಪೇಟೆಗಿದೆ ಎಂಬುದನ್ನು ಅನುಕೂಲ ಅನನುಕೂಲಗಳ ಪಟ್ಟಿ ಹೇಳಲಾರದು.

ಆ ದೂರ ಈಗಲೂ ಹಾಗೆಯೇ ಇದೆ. ತಾಳೆ ಎಣ್ಣೆಯ ಬೆಲೆಗೆ ಇಡೀ ಜಗತ್ತು ನೋಡುವುದು ಮಲೇಷ್ಯಾದ ಕ್ವಾಲಾಲಂಪುರದ ಪೇಟೆಯನ್ನು. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ ನಮ್ಮ ಬಸ್ ನಿಲ್ದಾಣದ ಮಿರ್ಚಿ ಅಂಗಡಿಯವರು ಬಾಣಲೆಗೆ ಎಣ್ಣೆ ಸುರಿಯುವಾಗ ಅಳತೆ ನೋಡುತ್ತಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಸುಂಕವನ್ನು ಶೂನ್ಯದಿಂದ ಶೇ 20ಕ್ಕೆ ಏರಿಸಿದರು. 2025ರ ಮೇ ಕೊನೆಗೆ ಅದನ್ನೇ ಶೇ 10ಕ್ಕೆ ಇಳಿಸಿದರು. ಮೇ ಕೊನೆ ಎಂದರೆ ನಮ್ಮಲ್ಲಿ ಅಂಗಳದಲ್ಲಿ ಕುಳಿತು ಬಿತ್ತನೆಯ ಬೀಜ ಸುಲಿಯುವ ಹೊತ್ತು. ಸುಲಿಯುವ ಕೈಗಳಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಪೇಟೆ ಮುಟ್ಟಿಸುತ್ತದೆ, ಸುಗ್ಗಿಯಲ್ಲಿ.

ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಮಕ್ಕಳು 'ನಮ್ಮದು', 'ಪರಕೀಯರದು' ಎಂದು ಬೇಗ ಗೆರೆ ಎಳೆಯುತ್ತಾರೆ. ಶೇಂಗಾ ದಕ್ಷಿಣ ಅಮೆರಿಕದ ಗಿಡ. ಮಿರ್ಚಿಗೆ ಹಾಕುವ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಎಣ್ಣೆಯ ತಾಳೆಮರ ಪಶ್ಚಿಮ ಆಫ್ರಿಕಾದ್ದು. ನಮ್ಮ ಊರಿನ ಹೆಸರನ್ನು ಎತ್ತಿದ ಗಿಡವೂ, ಇಳಿಸಿದ ಮರವೂ ಹಡಗು ಹತ್ತಿ ಬಂದವೇ. ಆದ್ದರಿಂದ ಏನು ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ಬಂದಾಗ ನಿಯಮ ಬರೆದವರು ಯಾರು, ಹೊಂದಿಕೊಳ್ಳಲು ಸಮಯ ಸಿಕ್ಕಿದ್ದು ಯಾರಿಗೆ ಎಂದು ಕೇಳಲು ಕಲಿಸಬೇಕು. ಶೇಂಗಾ ನಮ್ಮ ಹೊಲದಲ್ಲಿ ತಲೆಮಾರುಗಳ ಮೇಲೆ ಬೇರುಬಿಟ್ಟಿತು. ಸುಂಕ ನಾಲ್ಕು ವರ್ಷದಲ್ಲಿ ಇಳಿಯಿತು.

ಯಾರಿಗೆ ಸಮಯ ಸಿಕ್ಕಿತು ಎಂಬುದರಲ್ಲಿ ಜಾತಿ, ವರ್ಗ, ಹೆಣ್ಣು ಗಂಡೆಂಬ ಭೇದ ಎಲ್ಲವೂ ಇದೆ. ನಾನು ಮಾತಾಡಿಸಿದ ಮಿಲ್ಲಿನ ಕುಟುಂಬಗಳಿಗೆ ಪೆಟ್ಟು ಬಿದ್ದದ್ದು ನಿಜ, ಆದರೆ ಅವರಿಗೆ ಮಿಲ್ಲು ನಿಂತ ಜಾಗವಿತ್ತು. ಅದು ನಿವೇಶನವಾಯಿತು, ಅಂಗಡಿ ಸಾಲಾಯಿತು. ಮಕ್ಕಳು ಎಂಜಿನಿಯರಿಂಗ್ ಓದಲು ದಾವಣಗೆರೆಗೆ, ಬೆಂಗಳೂರಿಗೆ ಹೋದರು. ಹಮಾಲಿಗಳಿಗೆ ಎಪಿಎಂಸಿಯಲ್ಲಿ ಬೇರೆ ಮೂಟೆ ಸಿಕ್ಕಿತು. ಹೆಬ್ಬೆಟ್ಟು ಒತ್ತಿದ ಹೆಂಗಸರಿಗೆ ಮಾತ್ರ ಏನೂ ಸಿಗಲಿಲ್ಲ. ಅವರು ವಾಪಸು ಹೊಲದ ಕೂಲಿಗೆ ಹೋದರು, ಹೊಲದಲ್ಲಿ ಕೂಲಿ ಇಲ್ಲದ ವರ್ಷ ಗುಳೆ ಹೋದರು.

ಕಂಬಳಿಯ ಕಥೆ ಇದಕ್ಕಿಂತ ನಿಧಾನದ್ದು. ಚಳ್ಳಕೆರೆಯ ಕಂಬಳಿ ಹೆಸರಾದದ್ದು. ನನ್ನ ವಿದ್ಯಾರ್ಥಿಯೊಬ್ಬನ ತಾತ ಈಗಲೂ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ. ಹುಣಸೆ ಬೀಜ ಅರೆದು ಕಾಯಿಸಿದ ಗಂಜಿಯನ್ನು ಹಾಸಿನ ಎಳೆಗಳಿಗೆ ಹಚ್ಚುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಉದ್ದಕ್ಕೆ ಹಾಸಿದ ಕಪ್ಪು ಎಳೆಗಳ ಮೇಲೆ ಕುಂಚ ಒಂದೇ ಹದದಲ್ಲಿ ಹೋಗಬೇಕು. ಎಲ್ಲಿ ನಿಂತರೂ ಅಲ್ಲಿ ಗಂಟು. ತಾತ ಮಾತಾಡುತ್ತಲೇ ಇದ್ದರು, ಕೈ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ. ಅವರ ಕಂಬಳಿಗೆ ಎದುರಾಗಿ ಸಂತೆಯಲ್ಲಿ ಕುಳಿತದ್ದು ಪಾಣಿಪತ್ತಿನ ಹೊದಿಕೆ. ಯುರೋಪು, ಅಮೆರಿಕದವರು ತೊಟ್ಟು ಬಿಟ್ಟ ಉಣ್ಣೆಯ ಬಟ್ಟೆಗಳನ್ನು ಮೂಟೆಗಟ್ಟಲೆ ತರಿಸಿ, ಹರಿದು, ಮತ್ತೆ ನೂತು ಮಾಡಿದ ಹೊದಿಕೆ. ಅದರ ಹಿಂದೆಯೇ ಪಾಲಿಯೆಸ್ಟರ್ ಬಂತು. ಇತ್ತ ಕುರಿಗೆ ಮೇವಿನ ಕಾವಲು ಕಿರಿದಾಯಿತು, ಸಾಕುವವರು ಉಣ್ಣೆಯ ಕುರಿ ಬಿಟ್ಟು ಮಾಂಸದ ಕುರಿಯ ಕಡೆ ಹೊರಳಿದರು. ಆದರೂ ಕರಿಯ ಕಂಬಳಿ ಪೂರ್ತಿ ಹೋಗಿಲ್ಲ. ದೇವರ ಗದ್ದುಗೆಗೆ, ಮದುವೆಯ ಶಾಸ್ತ್ರಕ್ಕೆ ಅದೇ ಬೇಕು. ಚಳಿಗೆ ಹೊದೆಯುವುದು ಪಾಲಿಯೆಸ್ಟರ್, ದೇವರಿಗೆ ಹಾಸುವುದು ಕಂಬಳಿ. ದಿನಬಳಕೆಯ ವಸ್ತುವೊಂದು ಮಾರುಕಟ್ಟೆ ಕಳೆದುಕೊಂಡು ಆಚರಣೆಯ ವಸ್ತುವಾಗಿ ಉಳಿಯುವ ಈ ಪಲ್ಲಟ ನಮ್ಮ ಶಾಸ್ತ್ರಕ್ಕೆ ಎಂಥ ಒಳ್ಳೆಯ ಪಾಠ! ಹುಡುಗ ಅದನ್ನು ಮೂರು ಪುಟ ಬರೆದ. ಅದಕ್ಕೆ ಅಂಕ ಕೊಡಲು ನನ್ನ ಬಳಿ ಶೀರ್ಷಿಕೆ ಇರಲಿಲ್ಲ.

ಗಣಿಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬರೆಯುವುದಿಲ್ಲ. ಚೀನಾ ಕಬ್ಬಿಣದ ಅದಿರು ಕೇಳಿದ ವರ್ಷಗಳಲ್ಲಿ ಭೀಮಸಮುದ್ರದ ಕಡೆಯ ಅಡಿಕೆ ಗರಿಗಳ ಮೇಲೆ ಕೆಂಪು ದೂಳು ಕುಳಿತಿತ್ತು, ಲಾರಿ ಕೊಳ್ಳಲು ಸಾಲ ಮಾಡಿದವರಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿ ನಿಂತಿತು, ಸಾಲ ಉಳಿಯಿತು.

ಹೆಣ್ಣುಮಕ್ಕಳ ಬಗ್ಗೆ ಮಾತ್ರ ನಿಂತು ಹೇಳಬೇಕು. ಜಾಗತೀಕರಣ ಕೆಡುಕೇ ಎಂದು ಬರೆದುಬಿಡಲು ನನ್ನ ಕೈ ತಡೆಯುವುದು ಅವರಿಂದಾಗಿ. 1974ರಿಂದ ಜವಳಿ ರಫ್ತಿಗೆ ಇದ್ದ ಕೋಟಾ ಪದ್ಧತಿ, ಅಂದರೆ ಶ್ರೀಮಂತ ದೇಶಗಳಿಗೆ ಇಷ್ಟೇ ಕಳಿಸಬಹುದು ಎಂಬ ಮಿತಿ, 2005ರ ಜನವರಿ 1ಕ್ಕೆ ಮುಗಿಯಿತು. ವಿದೇಶದ ಅಂಗಡಿಗಳಿಗೆ ಉಡುಪು ಹೊಲಿಯುವ ಬೆಂಗಳೂರಿನ ಕಾರ್ಖಾನೆಗಳಿಗೆ ನಮ್ಮ ಜಿಲ್ಲೆಯ ಹುಡುಗಿಯರು ಹೋದರು, ಈಗಲೂ ಹೋಗುತ್ತಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರಲ್ಲಿ ಒಬ್ಬಳು. ಅವಳದು ಗೊಲ್ಲರಹಟ್ಟಿ. ಮುಟ್ಟಾದ ದಿನಗಳಲ್ಲಿ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಇರಬೇಕೆಂಬ ಕಟ್ಟುಪಾಡು ಅವಳ ತಾಯಿಗೆ ಇತ್ತು, ಅವಳಿಗೂ ಇತ್ತು. ಕಾರ್ಖಾನೆಯಲ್ಲಿ ಅವಳು ಅಂಗಿಗೆ ಕಾಲರ್ ಕೂರಿಸುತ್ತಾಳೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್. ಅಂಗಿಗೆ ಹಚ್ಚುವ ಚೀಟಿಯಲ್ಲಿ ಬೆಲೆ ಬೇರೆ ದೇಶದ ಹಣದಲ್ಲಿ ಇರುತ್ತದೆ. 'ಅಲ್ಲಿ ಯಾರೂ ಹೊರಗೆ ಕೂರು ಎನ್ನುವುದಿಲ್ಲ ಸಾರ್' ಎಂದು ಒಮ್ಮೆ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು, 'ನೋವಿದೆ, ಅರ್ಧ ಗಂಟೆ ಕೂರುತ್ತೇನೆ ಎಂದರೂ ಬಿಡುವುದಿಲ್ಲ' ಎಂದಳು. ಹಬ್ಬಕ್ಕೆ ಊರಿಗೆ ಬಂದಾಗ ಆ ದಿನಗಳು ಬಂದರೆ ಅವಳು ಮತ್ತೆ ಹಟ್ಟಿಯ ಹೊರಗೆಯೇ. ತಮ್ಮನ ಓದಿನ ಖರ್ಚು ಅವಳ ಸಂಬಳದಿಂದ ಹೋಗುತ್ತದೆ, ಮದುವೆಯ ಮಾತು ಬಂದಾಗ ಅಪ್ಪ ಈಗ ಅವಳನ್ನು ಕೇಳುತ್ತಾರೆ. ಇದನ್ನು ಅನುಕೂಲದ ಕಾಲಂನಲ್ಲಿ ಬರೆಯಲೇ, ಅನನುಕೂಲದ ಕಾಲಂನಲ್ಲಿ ಬರೆಯಲೇ?

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ರಸ್ತೆಗಳಿಗೆ ಇಳಿದವರು ಇಂಥ ಹೆಣ್ಣುಮಕ್ಕಳೇ. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಅವರು ಎದ್ದರು. ಎರಡನೇ ದಿನವೇ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ವಯಸ್ಸಿನವರೆಗೆ ಹೊಲಿಗೆ ಯಂತ್ರದ ಮುಂದೆ ಕೂರಲಾಗದು ಎಂದು ಅವರಿಗೆ ಗೊತ್ತಿತ್ತು. ಪಿಎಫ್ ಹಣ ಅವರಿಗೆ ಮುಪ್ಪಿನ ಗಂಟಲ್ಲ, ತಂಗಿಯ ಮದುವೆ, ಊರಿನ ಮನೆಯ ಸೂರು, ತಾಯಿಯ ಆಪರೇಷನ್. ಕಾನೂನು ಬರೆದವರಿಗೆ ಇದು ಕಾಣದೆ ಹೋದದ್ದು ಆ ಮನೆಗಳ ಲೆಕ್ಕ ಎಲ್ಲಿಯೂ ದಾಖಲಾಗದೆ ಇದ್ದುದರಿಂದ ಎಂದೇ ನಾನು ನಂಬುತ್ತೇನೆ.

ಇನ್ನು ನನ್ನ ಬೇಡಿಕೆ.

ಜಾಗತೀಕರಣದ ಪಾಠವನ್ನು ತೆಗೆಯಬೇಡಿ, ಅದರ ದಿಕ್ಕನ್ನು ತಿರುಗಿಸಿ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಸಮಾಜಶಾಸ್ತ್ರ ಓದುವ ಪ್ರತಿ ವಿದ್ಯಾರ್ಥಿಯೂ ಒಂದು ಮನೆಯ ಮೂವತ್ತು ವರ್ಷಗಳ ಬದುಕನ್ನು ಬರೆಯಲಿ. ತನ್ನ ಮನೆಯಾದರೂ ಸರಿ, ಪಕ್ಕದ ಮನೆಯಾದರೂ ಸರಿ. ದೊಡ್ಡ ಪ್ರಶ್ನಾವಳಿ ಬೇಡ. ಒಲೆಯ ಮೇಲೆ ಆಗ ಯಾವ ಎಣ್ಣೆ ಇತ್ತು, ಈಗ ಯಾವುದಿದೆ, ಯಾವಾಗ ಬದಲಾಯಿತು? ಹೊದೆಯಲು ಏನಿತ್ತು? ಈ ರಾತ್ರಿ ಮನೆಯವರು ಯಾರ್ಯಾರು ಯಾವ ಯಾವ ಊರಿನಲ್ಲಿ ಮಲಗಿದ್ದಾರೆ? ಮನೆಗೆ ಬರುವ ದುಡ್ಡು ಯಾರ ಕೈಯಿಂದ ಬರುತ್ತದೆ, ಅದನ್ನು ಖರ್ಚು ಮಾಡುವ ಮಾತು ಯಾರದು? ಕೆಲಸ ಹೋದದ್ದಕ್ಕೆ ಅವರು ಹೇಳುವ ಕಾರಣವೇನು, ಅದೇ ವರ್ಷಗಳಲ್ಲಿ ದೇಶದಲ್ಲಿ, ಹೊರಗೆ ಆದದ್ದೇನು? ಈ ಕೊನೆಯ ಪ್ರಶ್ನೆಗೆ ಅಧ್ಯಾಪಕ ಜೊತೆಗೆ ಕೂರಬೇಕು. ಸುಂಕದ ವರ್ಷ, ಕೋಟಾ ಮುಗಿದ ವರ್ಷ, ಕೋರ್ಟಿನ ಆದೇಶ ಬಂದ ವರ್ಷ ಇವನ್ನು ಹುಡುಕಿಕೊಡಬೇಕು. ಅದಕ್ಕೆ ಆಂತರಿಕ ಅಂಕಗಳಲ್ಲಿ ದೊಡ್ಡ ಪಾಲು ಇಡಿ. ಮನೆಯವರ ಒಪ್ಪಿಗೆ ಪಡೆದು, ಹೆಸರು ತೆಗೆದು, ಬರೆದದ್ದನ್ನೆಲ್ಲ ಒಂದು ಕಡೆ ಕೂಡಿಡಿ. ಐದು ವರ್ಷ ಹೀಗೆ ನಡೆದರೆ ಮಧ್ಯ ಕರ್ನಾಟಕದ ಸಾವಿರಾರು ಮನೆಗಳ ದಾಖಲೆ ಕನ್ನಡದಲ್ಲಿ ಇರುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದವರ ನೆನಪು, ಮಂಡಕ್ಕಿ ಭಟ್ಟಿಯ ಕಾವಿನಲ್ಲಿ ಬೆಂದವರ ನೆನಪು ಇನ್ನೂ ಬಾಯಲ್ಲಿದೆ. ಅವರೆಲ್ಲ ಎಪ್ಪತ್ತು ದಾಟುತ್ತಿದ್ದಾರೆ.

ಇದರ ಜೊತೆಗೆ ಇನ್ನೊಂದು. ಮಿಲ್ಲು, ಮಂಡಿ, ಸಹಕಾರ ಸಂಘಗಳ ಹಳೆಯ ಪುಸ್ತಕಗಳು ರದ್ದಿಗೆ ಹೋಗುವ ಮುನ್ನ ಪಡೆದು ಇಟ್ಟುಕೊಳ್ಳುವ ಒಂದು ಕೋಣೆ ಬೇಕು. ಬೀರು, ಗೆದ್ದಲಿನ ಔಷಧಿ, ಪಟ್ಟಿ ಮಾಡುವ ಒಬ್ಬ ಮನುಷ್ಯ ಇದ್ದರೆ ಸದ್ಯಕ್ಕೆ ಸಾಕು. ಇದಕ್ಕೆ ಹಣವಿಲ್ಲ ಎಂದರೆ ನಾವು ಅಧ್ಯಾಪಕರು ಕೈಯಿಂದ ಹಾಕಲು ತಯಾರಿದ್ದೇವೆ. ಜಾಗ ಮತ್ತು ಅನುಮತಿ ತಮ್ಮಿಂದ ಬರಬೇಕು.

ಸಾಧ್ಯವಾದರೆ ನಾಯಕನಹಟ್ಟಿ ಜಾತ್ರೆಗೆ ಮುಂಚೆ ಉತ್ತರಿಸಿ. ಫಾಲ್ಗುಣದಲ್ಲಿ ತೇರು ಎಳೆಯುವ ಹೊತ್ತಿಗೆ ಬೆಂಗಳೂರಿಗೆ ಹೋದವರೆಲ್ಲ ಊರಿಗೆ ಬಂದಿರುತ್ತಾರೆ. ಮನೆ ತುಂಬಿರುವಾಗ ಕೇಳಿ ಬರೆದುಕೊಳ್ಳುವುದು ಸುಲಭ. ಪುಸ್ತಕ ನನ್ನ ಬಳಿಯೇ ಇದೆ. ಯಾವ ಗ್ರಂಥಾಲಯಕ್ಕೆ ಕೊಡಬೇಕು ಎಂದು ತಿಳಿಸಿದರೆ ನಾನೇ ತಂದು ಒಪ್ಪಿಸುತ್ತೇನೆ. ಅದಕ್ಕೆ ಮೊದಲು ಒಂದು ದಿನ ಬೇಕು: ಆ ಹುಡುಗಿ ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆ, ನಾಲ್ಕು ತಿಪ್ಪಮ್ಮಂದಿರಲ್ಲಿ ತನ್ನ ಹೆಬ್ಬೆಟ್ಟು ಯಾವುದೆಂದು ಅಜ್ಜಿಯೇ ಗುರುತಿಸಲಿ ಎಂದಿದ್ದಾಳೆ.

ತಮ್ಮ ವಿಶ್ವಾಸಿ,
ಸಮಾಜಶಾಸ್ತ್ರದ ಒಬ್ಬ ಅಧ್ಯಾಪಕ
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ